ಕಣಗಿಲೆ ಕಷಾಯ ಎದೆಬಡಿತಕ್ಕೆ ಏನು ಮಾಡುತ್ತದೆ?

ಹೆದ್ದಾರಿಯ ನಡುಪಟ್ಟಿಯಲ್ಲಿ ಮೈಲುಗಟ್ಟಲೆ ಕಣಗಿಲೆ ನೆಟ್ಟಿರುವುದನ್ನು ನೋಡದವರು ಕಡಿಮೆ. ಬಿಸಿಲಿಗೂ ಹೊಗೆಗೂ ಜಗ್ಗದ ಗಿಡ, ವರ್ಷದ ಹೆಚ್ಚಿನ ಕಾಲ ಹೂ ಬಿಡುತ್ತದೆ, ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆಯದಂತೆ ಅಡ್ಡ ನಿಲ್ಲುತ್ತದೆ. ಇನ್ನೂ ಒಂದು ಅನುಕೂಲವಿದೆ: ಬೀಡಾಡಿ ದನಗಳು ಅದಕ್ಕೆ ಬಾಯಿ ಹಾಕುವುದಿಲ್ಲ. ಸಿಕ್ಕಿದ್ದನ್ನೆಲ್ಲ ತಿಂದು ನೋಡುವ ಮೇಕೆ ಕೂಡ ಸಾಮಾನ್ಯವಾಗಿ ದೂರವೇ ಉಳಿಯುತ್ತದೆ.

ಅದರ ಎಲೆ, ಹೂ, ಕಾಂಡ, ಬೇರು ಎಲ್ಲದರಲ್ಲೂ ಇರುವ ಕಹಿ ವಸ್ತುಗಳಿಗೆ ಕಾರ್ಡಿಯಾಕ್ ಗ್ಲೈಕೋಸೈಡ್ ಎಂದು ಹೆಸರು. ಹೃದಯದ ಕಾಯಿಲೆಗೆಂದು ವೈದ್ಯರು ಬರೆದುಕೊಡುವ ಡಿಗಾಕ್ಸಿನ್ ಮಾತ್ರೆಯೂ ಇದೇ ಕುಟುಂಬದ್ದು. ಇಷ್ಟು ಹೇಳಿದ ಕೂಡಲೇ ಒಂದು ತಪ್ಪು ಲೆಕ್ಕ ತಲೆಗೆ ಬರುವುದು ಸಹಜ: ಮಾತ್ರೆಯಲ್ಲಿರುವುದೂ ಗಿಡದ್ದೇ ಆದರೆ ಗಿಡವನ್ನೇ ಕುದಿಸಿ ಕುಡಿದರೇನು? ವಾಟ್ಸಾಪ್‌ನಲ್ಲಿ ಓಡಾಡುವ ಮನೆಮದ್ದಿನ ಸಂದೇಶಗಳಿಂದ ಹಿಡಿದು ಅಮೆರಿಕದಲ್ಲಿ ಮಾರಾಟವಾಗುವ ಕ್ಯಾಪ್ಸೂಲ್‌ಗಳ ತನಕ ಈ ಲೆಕ್ಕ ಬೇರೆ ಬೇರೆ ವೇಷದಲ್ಲಿ ಬಂದು ಹೋಗುತ್ತಿರುತ್ತದೆ. ಅದು ಎಲ್ಲಿ ತಪ್ಪುತ್ತದೆ ಎಂದು ತಿಳಿಯಲು ಹೃದಯದ ಜೀವಕೋಶದ ಒಳಗೇ ಇಣುಕಬೇಕು.

ಮೊದಲು ಈ ಕುಟುಂಬದ ಸದಸ್ಯರ ಪರಿಚಯವಾಗಲಿ. ನಮ್ಮ ಕೆಂಪು, ಗುಲಾಬಿ, ಬಿಳಿ ಕಣಗಿಲೆಯಲ್ಲಿ ಒಲಿಯಾಂಡ್ರಿನ್ ಇದೆ. ಹಳದಿ ಕಣಗಿಲೆ ಬೇರೆಯೇ ಗಿಡ, ಅಮೆರಿಕ ಖಂಡದ ಉಷ್ಣವಲಯದಿಂದ ಬಂದದ್ದು. ಗಂಟೆಯಾಕಾರದ ಹೂವು, ಮುರಿದರೆ ಹಾಲು ಸುರಿಸುವ ರೆಂಬೆ, ಏಣುಗಳಿರುವ ಹಸಿರು ಕಾಯಿ. ಶಿವನ ಪೂಜೆಗೆಂದು ಹಿತ್ತಲಲ್ಲಿ ಬೆಳೆಸುತ್ತೇವೆ. ಅದರಲ್ಲಿರುವುದು ಥೆವೆಟಿನ್, ಪೆರುವೋಸೈಡ್ ಮುಂತಾದವು. ಎಕ್ಕದ ಹಾಲಿನಲ್ಲಿ ಕ್ಯಾಲೋಟ್ರೋಪಿನ್. ಪಶ್ಚಿಮ ಘಟ್ಟದ ಅಜ್ಜನಪಟ್ಟೆ ಮರದ ಹಾಲನ್ನು ಆಗ್ನೇಯ ಏಷ್ಯಾದ ಬೇಟೆಗಾರರು ಊದುಗೊಳವೆಯ ಬಾಣಗಳಿಗೆ ಸವರುತ್ತಿದ್ದರು. ಆಫ್ರಿಕಾದಲ್ಲಿ ಬಾಣಕ್ಕೆ ಹಚ್ಚುತ್ತಿದ್ದ ಸ್ಟ್ರೊಫ್ಯಾಂಥಸ್, ಕೇರಳದ ಹಿನ್ನೀರಿನ ಅಂಚಿನಲ್ಲಿ ಬೆಳೆಯುವ ಒದಳಂ, ಕಾಡು ಈರುಳ್ಳಿ, ಯುರೋಪಿನ ಫಾಕ್ಸ್‌ಗ್ಲವ್ ಎಲ್ಲವೂ ಇದೇ ಬಳಗ. ಗಿಡಗಳ ದೃಷ್ಟಿಯಿಂದ ಇವುಗಳಲ್ಲಿ ಎಷ್ಟೋ ಒಂದಕ್ಕೊಂದು ಸಂಬಂಧವೇ ಇಲ್ಲದವು. ಮೇಯುವ ಪ್ರಾಣಿಯನ್ನು ತಡೆಯಲು ಬೇರೆ ಬೇರೆ ವಂಶಗಳು ಪ್ರತ್ಯೇಕವಾಗಿಯೇ ಹೆಚ್ಚುಕಡಿಮೆ ಒಂದೇ ಅಸ್ತ್ರವನ್ನು ಕಂಡುಕೊಂಡಿವೆ. ಕಪ್ಪೆಗಳ ಹತ್ತಿರದ ಬಂಧು ನೆಲಗಪ್ಪೆಯ ಚರ್ಮದ ಗ್ರಂಥಿಗಳಲ್ಲೂ ಇಂಥದ್ದೇ ವಿಷವಿದೆ.

ರಚನೆ ಸರಳ. ನಡುವೆ ಸ್ಟೀರಾಯ್ಡ್ ಚೌಕಟ್ಟು, ಒಂದು ತುದಿಯಲ್ಲಿ ಲ್ಯಾಕ್ಟೋನ್ ಎಂಬ ಉಂಗುರ, ಇನ್ನೊಂದು ತುದಿಯಲ್ಲಿ ಸಕ್ಕರೆಯ ಸರಪಳಿ. ಚೌಕಟ್ಟೂ ಉಂಗುರವೂ ಸೇರಿ ಹೃದಯದ ಮೇಲಿನ ಕೆಲಸ ಮಾಡುತ್ತವೆ. ಎಷ್ಟು ಹೀರಲ್ಪಡುತ್ತದೆ, ಎಷ್ಟು ಹೊತ್ತು ಮೈಯಲ್ಲಿ ಉಳಿಯುತ್ತದೆ ಎಂಬುದರಲ್ಲಿ ಸಕ್ಕರೆಯ ಕೈವಾಡವೂ ಇದೆ. ಸಣ್ಣ ವ್ಯತ್ಯಾಸ ಎಷ್ಟು ದೊಡ್ಡ ಪರಿಣಾಮ ಮಾಡಬಲ್ಲದು ಎನ್ನುವುದಕ್ಕೆ ಡಿಗಾಕ್ಸಿನ್ ಮತ್ತು ಡಿಜಿಟಾಕ್ಸಿನ್ ಜೋಡಿಯನ್ನೇ ನೋಡಬಹುದು. ಎರಡರ ನಡುವೆ ಇರುವುದು ಒಂದೇ ಒಂದು ಆಕ್ಸಿಜನ್ ಪರಮಾಣುವಿನ ಫರಕು. ಅಷ್ಟಕ್ಕೇ ಡಿಗಾಕ್ಸಿನ್ ಮುಖ್ಯವಾಗಿ ಕಿಡ್ನಿಯ ಮೂಲಕ ಹೊರಹೋಗುತ್ತದೆ, ಕಿಡ್ನಿ ಚೆನ್ನಾಗಿದ್ದರೆ ಒಂದೂವರೆ ಎರಡು ದಿನದಲ್ಲಿ ಅರ್ಧಕ್ಕಿಳಿಯುತ್ತದೆ. ಡಿಜಿಟಾಕ್ಸಿನ್‌ಗೆ ಯಕೃತ್ತು ಆಸರೆ, ಅರ್ಧಕ್ಕಿಳಿಯಲು ವಾರದ ಹತ್ತಿರ ಬೇಕು. ಒಂದು ಕಣಗಿಲೆ ಎಲೆಯಲ್ಲಿ ಹೀಗೆ ಸಣ್ಣಪುಟ್ಟ ವ್ಯತ್ಯಾಸಗಳಿರುವ ಅಣುಗಳು ಹತ್ತಾರು.

ಕೋಶದ ಗೋಡೆಯ ಪಂಪು

ನಮ್ಮ ಪ್ರತಿ ಜೀವಕೋಶದ ಪೊರೆಯಲ್ಲೂ ಸೋಡಿಯಂ-ಪೊಟ್ಯಾಸಿಯಂ ಪಂಪ್ ಎಂಬ ಪ್ರೋಟೀನ್ ಇದೆ. ಪ್ರತಿ ಸುತ್ತಿಗೂ ಅದು ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಮನೆಯ ಮೋಟಾರು ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಹತ್ತಿಸಿದ ಹಾಗೆ ಇದು. ಟ್ಯಾಂಕು ತುಂಬಿದ್ದರೆ ತಾನೇ ಕೆಳಗೆ ಇಳಿದು ಬರುವ ನೀರಿನ ಒತ್ತಡದಿಂದ ಬೇರೆ ಕೆಲಸ ಮಾಡಿಸಿಕೊಳ್ಳಬಹುದು. ಹೃದಯದ ಕೋಶ ಮಾಡುವುದು ಅದನ್ನೇ. ಹೊರಗೆ ದಟ್ಟೈಸಿದ ಸೋಡಿಯಂ ಒಳಗೆ ನುಗ್ಗುವ ರಭಸವನ್ನು ಬಳಸಿಕೊಂಡು ಇನ್ನೊಂದು ಪ್ರೋಟೀನ್, ಸೋಡಿಯಂ-ಕ್ಯಾಲ್ಸಿಯಂ ವಿನಿಮಯಕ, ಕ್ಯಾಲ್ಸಿಯಂ ಅನ್ನು ಹೊರದಬ್ಬುತ್ತದೆ. ಮೂರು ಸೋಡಿಯಂ ಒಳಬಂದರೆ ಒಂದು ಕ್ಯಾಲ್ಸಿಯಂ ಹೊರಗೆ.

ಕ್ಯಾಲ್ಸಿಯಂ ಯಾಕೆ ಮುಖ್ಯ ಎಂದರೆ ಹೃದಯದ ಸ್ನಾಯು ಹಿಂಡಿಕೊಳ್ಳುವುದೇ ಅದರಿಂದ. ಪ್ರತಿ ಬಡಿತಕ್ಕೂ ಕೋಶದೊಳಗಿನ ಚೀಲದಂಥ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬೀಳುತ್ತದೆ, ಸ್ನಾಯು ಬಿಗಿಯುತ್ತದೆ. ಕ್ಯಾಲ್ಸಿಯಂ ಮರಳಿ ಒಳಹೋಗುತ್ತದೆ, ಸ್ನಾಯು ಸಡಿಲಾಗುತ್ತದೆ. ಗ್ಲೈಕೋಸೈಡ್ ಬಂದು ಒಂದಷ್ಟು ಪಂಪುಗಳ ಹೊರಮುಖಕ್ಕೆ ಅಂಟಿಕೊಂಡು ಅವನ್ನು ನಿಲ್ಲಿಸಿತು ಎನ್ನಿ. ಒಳಗೆ ಸೋಡಿಯಂ ಸ್ವಲ್ಪ ಏರುತ್ತದೆ. ಒಳನುಗ್ಗುವ ರಭಸ ಇಳಿಯುತ್ತದೆ. ಕ್ಯಾಲ್ಸಿಯಂ ಹೊರಹೋಗುವುದು ನಿಧಾನವಾಗಿ ಉಗ್ರಾಣದಲ್ಲಿ ಹೆಚ್ಚು ಜಮೆಯಾಗುತ್ತದೆ. ಮುಂದಿನ ಬಡಿತದಲ್ಲಿ ಹೊರಬೀಳುವ ಕ್ಯಾಲ್ಸಿಯಂ ಜಾಸ್ತಿ, ಹಿಂಡುವ ಬಲವೂ ಜಾಸ್ತಿ. ಸೋತ ಹೃದಯಕ್ಕೆ ಬೇಕಾದದ್ದು ಇದೇ.

ಈ ಕಥೆಯ ತುಣುಕುಗಳು ಜೋಡಣೆಯಾದ ರೀತಿ ಸೊಗಸಾಗಿದೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಹಾನ್ಸ್ ಶಾಟ್ಸ್‌ಮನ್, ಈ ಗ್ಲೈಕೋಸೈಡ್‌ಗಳು ಕೆಂಪು ರಕ್ತಕಣಗಳಲ್ಲಿ ಸೋಡಿಯಂ-ಪೊಟ್ಯಾಸಿಯಂ ಸಾಗಾಟವನ್ನು ತಡೆಯುತ್ತವೆ ಎಂದು ತೋರಿಸಿದರು. ಯಾವ ಯಂತ್ರ ಕೆಡುತ್ತಿದೆ ಎಂದು ಆಗ ಗೊತ್ತಿರಲಿಲ್ಲ. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳನ್ನು ಅರೆದು ಒಂದು ಕಿಣ್ವವನ್ನು ಗುರುತಿಸಿದರು, ಆದರೆ ಅದೇ ಆ ಯಂತ್ರವೆಂದು ಖಚಿತವಾಗಿರಲಿಲ್ಲ. ಮರುವರ್ಷ ವಿಯೆನ್ನಾದ ಸಮ್ಮೇಳನದಲ್ಲಿ ರಾಬರ್ಟ್ ಪೋಸ್ಟ್ ಎಂಬ ಅಮೆರಿಕನ್ ವಿಜ್ಞಾನಿ ಸಿಕ್ಕು, ನಿಮ್ಮ ಕಿಣ್ವವನ್ನು ಔಬೇನ್ ತಡೆಯುತ್ತದೆಯೇ ಎಂದು ಕೇಳಿದರು. ಔಬೇನ್ ಎಂದರೆ ಆಫ್ರಿಕಾದ ಬಾಣವಿಷದ ಗ್ಲೈಕೋಸೈಡ್; ಸ್ಕೌ ಅದರ ಹೆಸರನ್ನೇ ಕೇಳಿರಲಿಲ್ಲ. ಊರಿನ ಪ್ರಯೋಗಾಲಯಕ್ಕೆ ಸುದ್ದಿ ಮುಟ್ಟಿಸಿ ಪರೀಕ್ಷೆ ಮಾಡಿಸಿದರು, ಕಿಣ್ವ ನಿಂತುಹೋಯಿತು. ಏಡಿಯ ನರದ ಕಿಣ್ವವೂ ರಕ್ತಕಣದ ಪಂಪೂ ಒಂದೇ ಎಂದು ಸಾಬೀತು ಮಾಡಿಕೊಟ್ಟದ್ದು ಬಾಣಕ್ಕೆ ಸವರುವ ವಿಷ. ಸ್ಕೌ ಅವರಿಗೆ 1997ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅರ್ಧ ಪಾಲು ಬಂತು.

ಪಂಪು ಎಲ್ಲ ಕೋಶಗಳಲ್ಲೂ ಇರುವುದರಿಂದ ಪೆಟ್ಟು ಹೃದಯಕ್ಕೆ ಮಾತ್ರ ಬೀಳುವುದಿಲ್ಲ. ವಾಕರಿಕೆ, ವಾಂತಿ, ಭೇದಿ ಹೆಚ್ಚಾಗಿ ಮೊದಲು ಕಾಣುತ್ತವೆ. ಕಣ್ಣಿನ ಅಕ್ಷಿಪಟಲದ ಕೋಶಗಳು ಕದಡಿ ವಸ್ತುಗಳು ಹಳದಿಯಾಗಿ, ದೀಪದ ಸುತ್ತ ಬಳೆ ಇದ್ದಂತೆ ತೋರಬಹುದು. ರಥಸಪ್ತಮಿಯ ದಿನ ಎಕ್ಕದ ಎಲೆಗಳನ್ನು ತಲೆ, ಭುಜಗಳ ಮೇಲಿಟ್ಟು ಸ್ನಾನ ಮಾಡುವ ರೂಢಿ ನಮ್ಮಲ್ಲಿದೆ. ಎಲೆಯಿಂದ ಚರ್ಮದ ಮೂಲಕ ಹೃದಯಕ್ಕೇನೂ ಆಗುವುದಿಲ್ಲ, ಆದರೆ ಎಲೆ ಕೀಳುವಾಗ ಚಿಮ್ಮುವ ಹಾಲು ಕಣ್ಣಿಗೆ ಬಿದ್ದರೆ ಕೆಲವು ಗಂಟೆಗಳಲ್ಲಿ ದೃಷ್ಟಿ ಮಂಜಾಗುತ್ತದೆ, ಅದೂ ಹೆಚ್ಚು ನೋವಿಲ್ಲದೆ. ಕಣ್ಣಿನ ಪಾರದರ್ಶಕ ಪೊರೆಯ ಒಳಪದರದ ಕೋಶಗಳು ಇದೇ ಸೋಡಿಯಂ ಪಂಪಿನ ಬಲದಿಂದ ನೀರನ್ನು ಹೊರಹಾಕುತ್ತಾ ಪೊರೆಯನ್ನು ತಿಳಿಯಾಗಿಟ್ಟಿರುತ್ತವೆ. ಪಂಪು ನಿಂತರೆ ಪೊರೆ ನೀರು ಕುಡಿದು ಊದಿಕೊಳ್ಳುತ್ತದೆ. ಹಾಗಾದರೆ ತಕ್ಷಣ ಬಹಳಷ್ಟು ನೀರಿನಿಂದ ಕಣ್ಣು ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಬಲ ಹೆಚ್ಚಿಸುವುದೇ ಲಯ ಕೆಡಿಸುವುದೂ

ಕ್ಯಾಲ್ಸಿಯಂ ಹೆಚ್ಚಾದರೆ ಬಲ ಹೆಚ್ಚು ಎಂದೆವು. ಇನ್ನೂ ಹೆಚ್ಚಾದರೆ? ತುಂಬಿ ತುಳುಕುವ ಉಗ್ರಾಣ ಬಡಿತದ ಸರದಿಗೆ ಕಾಯದೆ ತಾನಾಗಿಯೇ ಕ್ಯಾಲ್ಸಿಯಂ ಚೆಲ್ಲತೊಡಗುತ್ತದೆ. ಆ ಚೆಲ್ಲಿದ್ದನ್ನು ಹೊರಹಾಕಲು ವಿನಿಮಯಕ ಓಡಿದಾಗ, ಒಂದು ಕ್ಯಾಲ್ಸಿಯಂಗೆ ಮೂರು ಸೋಡಿಯಂ ಒಳಬರುವ ಲೆಕ್ಕದಲ್ಲಿ ಒಳಗೆ ಧನ ವಿದ್ಯುದಂಶ ಸೇರುತ್ತದೆ. ಅಷ್ಟು ಸಾಕು, ಕೋಶ ಅಕಾಲದಲ್ಲಿ ಮಿಡಿಯುತ್ತದೆ. ಹೃದಯದ ಕೆಳಗಿನ ಕೋಣೆಗಳ ಸ್ನಾಯುವಿನ ಒಂದೊಂದು ಮೂಲೆಯಿಂದಲೂ ಹೀಗೆ ಹೇಳದೆ ಕೇಳದೆ ಬಡಿತಗಳು ಏಳುತ್ತವೆ.

ಇನ್ನೊಂದು ಕಡೆ ಇದೇ ವಸ್ತು ವೇಗಸ್ ನರದ ಪ್ರಭಾವವನ್ನು ಹೆಚ್ಚಿಸುತ್ತದೆ. ವೇಗಸ್ ಹೃದಯಕ್ಕೆ ಕಡಿವಾಣ. ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಸಂಕೇತ ದಾಟುವ ಏಕೈಕ ಗಂಟು ನಿಧಾನವಾಗುತ್ತದೆ. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ನಡುಗುವಾಗ ಅಷ್ಟೂ ಸಂಕೇತ ಕೆಳಗಿಳಿಯದಂತೆ ಇದು ತಡೆಯುತ್ತದೆ, ಅದು ಒಳ್ಳೆಯದೇ. ಪ್ರಮಾಣ ಮೀರಿದರೆ ದಾರಿಯೇ ಮುಚ್ಚಿಹೋಗುತ್ತದೆ.

ಇಸಿಜಿ ಕಾಗದದ ಮೇಲೆ ಇದನ್ನು ಓದಬಹುದು. ಮೇಲಿನ ಕೋಣೆಯ ಸಣ್ಣ ಉಬ್ಬಿಗೂ ಕೆಳಗಿನ ಕೋಣೆಯ ಚೂಪು ಶಿಖರಕ್ಕೂ ನಡುವಿನ ಅಂತರ ಉದ್ದವಾಗುತ್ತಾ ಹೋಗುತ್ತದೆ. ಆಮೇಲೆ ಒಂದು ಉಬ್ಬಿಗೆ ಶಿಖರವೇ ಬರುವುದಿಲ್ಲ. ಖಾಲಿ ಗೆರೆ. ಆ ಖಾಲಿಯ ನಡುವೆ ಎಲ್ಲಿಂದಲೋ ಅಗಲವಾದ, ವಿಕಾರ ಆಕಾರದ ಬಡಿತ ಬಂದು ಕೂರುತ್ತದೆ. ಮೇಲಿನಿಂದ ತಡೆ, ಕೆಳಗಿನಿಂದ ದಾಂಧಲೆ: ಎರಡೂ ಒಟ್ಟಿಗೆ ಕಂಡರೆ ಅನುಭವಿ ವೈದ್ಯರಿಗೆ ಈ ಗುಂಪಿನ ವಿಷದ ಅನುಮಾನ ಬಂದೇ ಬರುತ್ತದೆ.

ಪೊಟ್ಯಾಸಿಯಂ ಇಲ್ಲಿ ಎರಡು ಪಾತ್ರ ಮಾಡುತ್ತದೆ, ಓದುವವರು ಗೊಂದಲಗೊಳ್ಳುವುದೂ ಇಲ್ಲೇ. ಪಂಪಿನ ಮೇಲೆ ಪೊಟ್ಯಾಸಿಯಂ ಮತ್ತು ಗ್ಲೈಕೋಸೈಡ್ ಒಂದಕ್ಕೊಂದು ಎದುರಾಳಿ. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಿದ್ದರೆ ಗ್ಲೈಕೋಸೈಡ್ ಸಲೀಸಾಗಿ ಅಂಟುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೆ, ವಾಂತಿ ಭೇದಿಯಾದವರಿಗೆ ಮಾಮೂಲಿ ಪ್ರಮಾಣದ ಡಿಗಾಕ್ಸಿನ್ ಕೂಡ ವಿಷವಾಗುವುದು ಈ ಕಾರಣಕ್ಕೆ. ಒಮ್ಮೆಲೇ ವಿಪರೀತ ಪ್ರಮಾಣ ಮೈಸೇರಿದಾಗ ಮಾತ್ರ ಆಗುವುದು ಉಲ್ಟಾ: ದೇಹದ ಪಂಪುಗಳೆಲ್ಲ ನಿಂತು ಪೊಟ್ಯಾಸಿಯಂ ಕೋಶಗಳ ಹೊರಗೇ ಉಳಿದು ರಕ್ತದಲ್ಲಿ ಏರುತ್ತದೆ. ಪ್ರತಿವಿಷ ಇಲ್ಲದ ಕಾಲದಲ್ಲಿ, 1973ರಲ್ಲಿ ಫ್ರಾನ್ಸಿನಿಂದ ಬಂದ ಡಿಜಿಟಾಕ್ಸಿನ್ ವಿಷಬಾಧೆಯ ಅಧ್ಯಯನವೊಂದರಲ್ಲಿ ರಕ್ತದ ಪೊಟ್ಯಾಸಿಯಂ ಲೀಟರಿಗೆ 5.5 ಮಿಲಿಮೋಲ್ ದಾಟಿದ್ದ ರೋಗಿಗಳು ಯಾರೂ ಉಳಿಯಲಿಲ್ಲ. ಇಂದಿಗೂ ತುರ್ತು ಕೊಠಡಿಯಲ್ಲಿ ಆ ಅಂಕಿಯನ್ನು ಗಮನದಲ್ಲಿಟ್ಟುಕೊಳ್ಳುತ್ತಾರೆ.

ಇಪ್ಪತ್ತು ಸೊಪ್ಪುಗಳಲ್ಲಿ ಒಂದು

1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಅವರ ಮುಂದೆ ಒಂದು ನಾಟಿ ಔಷಧದ ವಿಷಯ ಬಂತು. ಶ್ರಾಪ್‌ಶೈರಿನ ಅಜ್ಜಿಯೊಬ್ಬರು ಗುಟ್ಟಾಗಿಟ್ಟುಕೊಂಡಿದ್ದ, ಮೈಯೆಲ್ಲ ನೀರು ತುಂಬಿ ಊದಿಕೊಳ್ಳುವ ಕಾಯಿಲೆಗೆ ಕೊಡುತ್ತಿದ್ದ ಔಷಧ ಅದು. ವೈದ್ಯರು ಕೈಬಿಟ್ಟವರೂ ಕೆಲವೊಮ್ಮೆ ಗುಣವಾಗುತ್ತಿದ್ದರು. ಜೊತೆಗೆ ಭಯಂಕರ ವಾಂತಿ ಭೇದಿಯೂ ಆಗುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳ ಮಿಶ್ರಣದಲ್ಲಿ ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲವ್ ಒಂದೇ ಎಂದು ಸಸ್ಯಶಾಸ್ತ್ರವನ್ನೂ ಬಲ್ಲ ವಿದರಿಂಗ್ ಗುರುತಿಸಿದರು. (ಆ ಅಜ್ಜಿಯ ಹೆಸರು ಮದರ್ ಹಟನ್ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು 1928ರಲ್ಲಿ ಔಷಧ ಕಂಪನಿಯೊಂದರ ಜಾಹೀರಾತಿಗಾಗಿ ಹುಟ್ಟಿಸಿದ ಹೆಸರು.)

ವಿದರಿಂಗ್ ಗಿಡವನ್ನು ಗುರುತಿಸಿದ್ದಕ್ಕಿಂತ ಆಮೇಲೆ ಹತ್ತು ವರ್ಷ ಮಾಡಿದ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. ಕಷಾಯದಲ್ಲಿ ಶಕ್ತಿ ಒಂದೊಂದು ಸಲ ಒಂದೊಂದು ಥರ ಬರುವುದು ಕಂಡು ಬಿಸಿನೀರಿನಲ್ಲಿ ನೆನೆಸಿ ಸೋಸುವುದಕ್ಕೆ ಬಂದರು. ಕೊನೆಗೆ ಒಣಗಿಸಿದ ಎಲೆಯ ಪುಡಿಗೆ. ಎಲೆಯನ್ನು ಹೂ ಬಿಡುವ ಕಾಲಕ್ಕೇ ಕೀಳಬೇಕು, ಯಾಕೆಂದರೆ ಋತುವಿನ ಜೊತೆ ಬಲ ಬದಲಾಗುತ್ತದೆ ಎಂದು ಬರೆದರು. ಮೂತ್ರ, ಹೊಟ್ಟೆ, ನಾಡಿ, ಕರುಳು ಯಾವುದರ ಮೇಲಾದರೂ ಪರಿಣಾಮ ಕಂಡ ತಕ್ಷಣ ನಿಲ್ಲಿಸಿ ಎಂಬ ನಿಯಮ ಮಾಡಿದರು. ಹೆಚ್ಚಾದರೆ ವಾಂತಿ, ತಲೆಸುತ್ತು, ವಸ್ತುಗಳು ಹಸಿರು ಹಳದಿಯಾಗಿ ಕಾಣುವುದು, ನಾಡಿ ನಿಮಿಷಕ್ಕೆ 35ಕ್ಕೆ ಇಳಿಯುವುದು, ಸಾವು, ಎಲ್ಲವನ್ನೂ 1785ರ ತಮ್ಮ ಪುಸ್ತಕದಲ್ಲಿ ದಾಖಲಿಸಿದರು. ಗುಣವಾದವರ ಜೊತೆ ಗುಣವಾಗದವರ ಕಥೆಯನ್ನೂ ಸೇರಿಸಿದರು. ಮನೆಮದ್ದಿನ ಪ್ರಚಾರ ಮಾಡುವವರಲ್ಲಿ ಈ ಅಭ್ಯಾಸ ಅಪರೂಪ.

ಅಲ್ಲಿಂದ ಮುಂದಿನ ಒಂದೂವರೆ ಶತಮಾನದ ಹೋರಾಟ ಅಳತೆಯದ್ದು. ಒಂದು ಕಂತಿನ ಎಲೆಪುಡಿಗೂ ಇನ್ನೊಂದಕ್ಕೂ ಬಲ ಹೊಂದುತ್ತಿರಲಿಲ್ಲವಾದ್ದರಿಂದ ಕಪ್ಪೆ, ಬೆಕ್ಕು, ಪಾರಿವಾಳಗಳ ಮೇಲೆ ಪ್ರಯೋಗಿಸಿ ಬಲ ನಿಗದಿ ಮಾಡುತ್ತಿದ್ದರು. 1930ರಲ್ಲಿ ಬ್ರಿಟನ್ನಿನ ಸಿಡ್ನಿ ಸ್ಮಿತ್ ಇನ್ನೊಂದು ಜಾತಿಯ ಫಾಕ್ಸ್‌ಗ್ಲವ್‌ನಿಂದ ಶುದ್ಧ ಡಿಗಾಕ್ಸಿನ್ ಬೇರ್ಪಡಿಸಿದ ಮೇಲೆ ತೂಕ ಮಾಡಿ ಕೊಡುವುದು ಸಾಧ್ಯವಾಯಿತು. ಆಮೇಲೂ ಸಮಸ್ಯೆ ಮುಗಿಯಲಿಲ್ಲ. ಒಂದೇ ತೂಕದ ಡಿಗಾಕ್ಸಿನ್ ಇರುವ ಬೇರೆ ಬೇರೆ ಕಂಪನಿಗಳ ಮಾತ್ರೆಗಳಿಂದ ರಕ್ತದಲ್ಲಿ ಸಿಗುವ ಮಟ್ಟ ಏಳು ಪಟ್ಟಿನವರೆಗೂ ಬೇರೆಯಾಗುತ್ತದೆ ಎಂದು 1971ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಪುಡಿ ಎಷ್ಟು ನಯ, ಎಷ್ಟು ಬೇಗ ಕರಗುತ್ತದೆ ಎಂಬುದರ ವ್ಯತ್ಯಾಸ ಅಷ್ಟೇ. ಕಾರ್ಖಾನೆಯಲ್ಲಿ ತೂಗಿದ ಶುದ್ಧ ವಸ್ತುವಿನ ಪಾಡೇ ಹೀಗಿದ್ದರೆ ಒಲೆಯ ಮೇಲಿನ ಕಷಾಯದ ಪಾಡು ಊಹಿಸಬಹುದು.

ಇಷ್ಟು ಕಟ್ಟುನಿಟ್ಟು ಯಾಕೆಂದರೆ ಜಾಗ ಅಷ್ಟು ಇಕ್ಕಟ್ಟು. ಹೃದಯ ವೈಫಲ್ಯದಲ್ಲಿ ರಕ್ತದ ಒಂದು ಮಿಲಿಲೀಟರಿಗೆ 0.5ರಿಂದ 0.9 ನ್ಯಾನೋಗ್ರಾಂ ಡಿಗಾಕ್ಸಿನ್ ಇದ್ದರೆ ಸಾಕು ಎನ್ನುತ್ತಾರೆ. 2 ದಾಟಿದರೆ ವಿಷದ ಲಕ್ಷಣಗಳು ಸಾಮಾನ್ಯ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ ಒಂದು. ನಮ್ಮ ವೈದ್ಯರು ಡಿಗಾಕ್ಸಿನ್ ಬರೆಯುವಾಗ ವಾರಕ್ಕೆ ಐದು ದಿನ ಕೊಟ್ಟು ಎರಡು ದಿನ ಬಿಡಿ ಎನ್ನುವುದು ಹಳೆಯ ರೂಢಿ. ಸಂಧಿವಾತ ಜ್ವರದಿಂದ ಕವಾಟ ಕೆಟ್ಟು ಬಡಿತ ಅಂಕೆ ತಪ್ಪಿದವರು ನಮ್ಮಲ್ಲಿ ಇನ್ನೂ ಬಹಳ ಇರುವುದರಿಂದ ಈ ಮಾತ್ರೆ ನಮ್ಮ ಆಸ್ಪತ್ರೆಗಳಿಂದ ಮಾಯವಾಗಿಲ್ಲ. ಮನೆಯ ಹಿರಿಯರು ಶನಿವಾರ ಭಾನುವಾರ ಒಂದು ಸಣ್ಣ ಮಾತ್ರೆಯನ್ನು ಮಾತ್ರ ಡಬ್ಬಿಯಲ್ಲೇ ಉಳಿಸುತ್ತಿದ್ದರೆ ಅದು ಇದೇ ಇದ್ದೀತು.

ಅಳತೆ ಕೂಡಿಬಂದರೆ ಉಪಯೋಗ ಎಷ್ಟು? 1997ರಲ್ಲಿ ಪ್ರಕಟವಾದ 6,800 ರೋಗಿಗಳ ದೊಡ್ಡ ಪ್ರಯೋಗದಲ್ಲಿ ಡಿಗಾಕ್ಸಿನ್ ಸಾವನ್ನು ತಗ್ಗಿಸಲಿಲ್ಲ, ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡಿತು. ಅದೇ ಅಂಕಿಗಳನ್ನು ಮತ್ತೆ ಜಾಲಾಡಿದಾಗ ರಕ್ತದ ಮಟ್ಟ ಕೆಳಗಿದ್ದ ಗಂಡಸರಲ್ಲಿ ಸಾವು ಕಡಿಮೆ, 1.2ಕ್ಕಿಂತ ಮೇಲಿದ್ದವರಲ್ಲಿ ಹೆಚ್ಚು ಎಂದು ಕಂಡಿತು. 2025ರಲ್ಲಿ ಜರ್ಮನಿ, ಆಸ್ಟ್ರಿಯಾ, ಸರ್ಬಿಯಾಗಳ 1,212 ರೋಗಿಗಳಲ್ಲಿ ಕಡಿಮೆ ಪ್ರಮಾಣದ ಡಿಜಿಟಾಕ್ಸಿನ್ ಪರೀಕ್ಷಿಸಿದಾಗ, ಸಾವು ಅಥವಾ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರುವುದು ಎರಡನ್ನೂ ಕೂಡಿಸಿದ ಲೆಕ್ಕ ಇಳಿಯಿತು. ಇನ್ನೂರು ವರ್ಷ ದಾಟಿದ ಔಷಧದ ಬಗ್ಗೆ ಹೊಸ ಸುದ್ದಿ ಬರುತ್ತಲೇ ಇದೆ.

ಅನುರಾಧಪುರದಲ್ಲಿ ಕಲಿತದ್ದು

ಕಣಗಿಲೆ ಜಾತಿಯ ವಿಷದ ಬಗ್ಗೆ ಜಗತ್ತಿಗೆ ಇವತ್ತು ಗೊತ್ತಿರುವುದರಲ್ಲಿ ಬಹುಪಾಲು ಬಂದದ್ದು ಶ್ರೀಲಂಕಾದಿಂದ. 1980ರ ದಶಕದಲ್ಲಿ ಜಾಫ್ನಾದಲ್ಲಿ ಶುರುವಾಗಿ ಅನುರಾಧಪುರದಂಥ ಒಣಪ್ರದೇಶಗಳಿಗೆ ಹರಡಿದ ಹಳದಿ ಕಣಗಿಲೆಯ ವಿಷಬಾಧೆ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆ ವರ್ಷಕ್ಕೆ ಸಾವಿರಾರು ಜನರನ್ನು ತಂದಿತು. ಹೆಚ್ಚಿನವರು ಯುವಜನ, ದುಡುಕಿದವರು. ಚಿಕಿತ್ಸೆ ಸಿಕ್ಕಿ ಬದುಕಿದವರೇ ಜಾಸ್ತಿ. (ಮನಸ್ಸು ಹಾಗೆ ಕುಸಿದಾಗ ಮಾತಾಡಲು ನಮ್ಮಲ್ಲಿ ಟೆಲಿ ಮನಸ್ ಇದೆ, 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೂ.) ತಾತ್ಕಾಲಿಕ ಪೇಸ್‌ಮೇಕರ್ ಬೇಕಾದವರನ್ನು ಆಂಬುಲೆನ್ಸಿನಲ್ಲಿ ಕೊಲಂಬೋಗೆ ಸಾಗಿಸಬೇಕಿತ್ತು.

ಪ್ರತಿವಿಷ ಅದಾಗಲೇ ಇತ್ತು. ಕುರಿಗಳ ಮೈಯಲ್ಲಿ ಡಿಗಾಕ್ಸಿನ್ ವಿರುದ್ಧ ಪ್ರತಿಕಾಯ ಹುಟ್ಟಿಸಿ, ಅದರ ಹಿಡಿಯುವ ತುಂಡನ್ನಷ್ಟೇ ಕತ್ತರಿಸಿ ಮಾಡಿದ ಚುಚ್ಚುಮದ್ದು ಅದು. 1976ರಲ್ಲಿ ಮೊದಲ ರೋಗಿಯನ್ನು ಉಳಿಸಿದ ವರದಿ ಬಂದಿತ್ತು. ಪಂಪಿನಿಂದ ಗ್ಲೈಕೋಸೈಡ್ ಅನ್ನು ಕಿತ್ತು ತಾನೇ ಕಟ್ಟಿಕೊಂಡು ಹೋಗುವುದು ಅದರ ಕೆಲಸ. ಕಣಗಿಲೆಯ ಅಣುಗಳು ಡಿಗಾಕ್ಸಿನ್ ಅಲ್ಲ, ಚಹರೆಯಲ್ಲಿ ಹೋಲುತ್ತವೆ ಅಷ್ಟೇ. ಆ ಹೋಲಿಕೆ ಸಾಕಾಗುತ್ತದೆಯೇ? ಬ್ರಿಟನ್ನಿನ ವಿಷತಜ್ಞ ಮೈಕೇಲ್ ಎಡಲ್‌ಸ್ಟನ್ ಮತ್ತು ಶ್ರೀಲಂಕಾದ ವೈದ್ಯರು 66 ರೋಗಿಗಳಲ್ಲಿ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಎಂಟು ಗಂಟೆಯ ಹೊತ್ತಿಗೆ ಪ್ರತಿವಿಷ ಪಡೆದ 34 ಜನರಲ್ಲಿ 24 ಮಂದಿಯ ಆರಂಭದ ಲಯದೋಷ ಪೂರ್ತಿ ಸರಿಹೋಗಿತ್ತು. ಪಡೆಯದ 32 ಜನರಲ್ಲಿ 5 ಮಂದಿಯದು ಮಾತ್ರ.

ಇಷ್ಟಾದ ಮೇಲೆ ಕಥೆ ಸುಖಾಂತವಾಗಬೇಕಿತ್ತು. ಪ್ರತಿವಿಷದ ಬೆಲೆ ಅಲ್ಲಿನ ಸರ್ಕಾರಕ್ಕೆ ಎಟುಕಲಿಲ್ಲ, 2002ರಲ್ಲಿ ಪೂರೈಕೆ ನಿಂತಿತು, ಸಾವುಗಳು ಹೆಚ್ಚಿದವು. ಗಿಡ ಬೇಲಿಯಲ್ಲಿ ಪುಕ್ಕಟೆ ಸಿಗುತ್ತದೆ, ಮದ್ದು ಕೈಗೆಟುಕುವುದಿಲ್ಲ. ಭಾರತದ ಹೆಚ್ಚಿನ ಆಸ್ಪತ್ರೆಗಳಲ್ಲೂ ಅದು ಸಿಗುವುದಿಲ್ಲ, ಇಲ್ಲಿ ಬಡಿತ ಏರಿಸುವ ಅಟ್ರೋಪಿನ್ ಮದ್ದು, ಪೇಸ್‌ಮೇಕರ್, ನಿಗಾ ಇವೇ ಆಧಾರ. ಡಯಾಲಿಸಿಸ್ ಮಾಡಿ ತೆಗೆಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಈ ವಸ್ತುಗಳು ರಕ್ತದಲ್ಲಿ ಉಳಿಯುವುದು ಅತ್ಯಲ್ಪ, ಹೆಚ್ಚಿನ ಪಾಲು ಅಂಗಾಂಶಗಳಲ್ಲಿ ಅಡಗಿರುತ್ತದೆ, ಹಾಗಾಗಿ ರಕ್ತ ತೊಳೆದು ಪ್ರಯೋಜನವಿಲ್ಲ. ಇದ್ದಿಲಿನ ಪುಡಿಯನ್ನು ಪದೇಪದೇ ಕುಡಿಸುವ ಅಗ್ಗದ ಚಿಕಿತ್ಸೆಯ ಮೇಲೆ ಆಸೆಯಿತ್ತು. 2003ರಲ್ಲಿ 401 ರೋಗಿಗಳ ಪ್ರಯೋಗ ಅದು ಸಾವನ್ನು ತಗ್ಗಿಸುತ್ತದೆ ಎಂದಿತು. ಕೀಟನಾಶಕ ಸೇವಿಸಿದವರನ್ನೂ ಸೇರಿಸಿ 4,632 ರೋಗಿಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ.

ಸಾರ ಎಂಬ ಸರಕು

ಈಗ ಕಷಾಯ, ಕ್ಯಾಪ್ಸೂಲುಗಳ ವಿಷಯ. ಟರ್ಕಿಯ ಮುಗ್ಲಾದ ಶಸ್ತ್ರವೈದ್ಯ ಹುಸೇಯಿನ್ ಜಿಯಾ ಓಜೆಲ್ ಕಣಗಿಲೆ ಎಲೆಯ ಬಿಸಿನೀರಿನ ಸಾರ ಕ್ಯಾನ್ಸರಿಗೆ ಮದ್ದು ಎಂದು ನಂಬಿ ದಶಕಗಟ್ಟಲೆ ಬಳಸಿದರು. ಆ ಸಾರ ಆನ್ವಿರ್ಜೆಲ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಮೊದಲ ಹಂತದ ಪ್ರಯೋಗಕ್ಕೂ ಹೋಯಿತು. 2006ರ ವರದಿಯಲ್ಲಿ ಗಡ್ಡೆ ಕುಗ್ಗಿದ ರೋಗಿಗಳು ಇರಲಿಲ್ಲ. ಕೊರೋನಾ ಕಾಲದಲ್ಲಿ ಒಲಿಯಾಂಡ್ರಿನ್ ಮತ್ತೆ ಎದ್ದಿತು, ಪ್ರಯೋಗಾಲಯದ ತಟ್ಟೆಯಲ್ಲಿನ ಕೋಶಗಳಲ್ಲಿ ವೈರಸ್ ತಡೆಯಿತೆಂಬ ಫಲಿತಾಂಶ ಹಿಡಿದು ಅದು ಶ್ವೇತಭವನದವರೆಗೂ ಹೋಯಿತು. ಆಹಾರ ಪೂರಕವಾಗಿ ಮಾರುವ ಪ್ರಸ್ತಾವವನ್ನು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಆಗಸ್ಟ್‌ನಲ್ಲಿ ತಳ್ಳಿಹಾಕಿತು. ಪಂಪನ್ನು ನಿಲ್ಲಿಸುವ ವಸ್ತು ತಟ್ಟೆಯಲ್ಲಿನ ಕೋಶ, ವೈರಸ್ ಎಲ್ಲವನ್ನೂ ತಡೆದೀತು. ಅಷ್ಟು ಪ್ರಮಾಣವನ್ನು ಹೃದಯ ತಾಳುತ್ತದೆಯೇ ಎಂಬುದು ಪ್ರಶ್ನೆ.

ಹೆಸರು ಹೇಳಿ ಮಾರುವುದಕ್ಕಿಂತ ಅಪಾಯಕಾರಿ, ಹೆಸರು ಮುಚ್ಚಿ ಮಾರುವುದು. 1997ರಲ್ಲಿ ಅಮೆರಿಕದಲ್ಲಿ ಹೊಟ್ಟೆ ಶುದ್ಧಿಯ ಗಿಡಮೂಲಿಕೆ ತೆಗೆದುಕೊಂಡ ಇಬ್ಬರು ಮಹಿಳೆಯರ ಹೃದಯದ ಲಯ ಕೆಟ್ಟಿತು; ಹುಡುಕಿದಾಗ ಪ್ಲಾಂಟೇನ್ ಎಂಬ ಸೊಪ್ಪಿನ ಸರಕಿನಲ್ಲಿ ಡಿಜಿಟಾಲಿಸ್, ಅಂದರೆ ಫಾಕ್ಸ್‌ಗ್ಲವ್ ಜಾತಿಯ ಎಲೆ ಬೆರೆತಿತ್ತು. 2023ರಲ್ಲಿ ತೂಕ ಇಳಿಸಲೆಂದು ಆನ್‌ಲೈನಿನಲ್ಲಿ ಮಾರುತ್ತಿದ್ದ ಮೆಕ್ಸಿಕೋದ ತೆಹೋಕೋತೆ ಬೇರಿನ ಪೊಟ್ಟಣಗಳನ್ನು ಪರೀಕ್ಷಿಸಿದಾಗ ಬಹುಪಾಲಿನಲ್ಲಿ ಇದ್ದದ್ದು ಹಳದಿ ಕಣಗಿಲೆ. ನ್ಯೂಜೆರ್ಸಿಯಲ್ಲಿ ಪುಟ್ಟ ಮಗುವೊಂದು ಅದನ್ನು ತಿಂದು ಆಸ್ಪತ್ರೆ ಸೇರಿದ್ದರಿಂದ ಇದು ಬಯಲಿಗೆ ಬಂತು. ವಾಂತಿಯಾಗಿ ಹಸಿವು ಸತ್ತರೆ ತೂಕ ಇಳಿದೇ ಇಳಿಯುತ್ತದೆ.

ನಮ್ಮ ಪರಂಪರೆ ಈ ಗಿಡಗಳನ್ನು ನಿರಪಾಯಕಾರಿ ಎಂದು ಎಂದೂ ಹೇಳಿಲ್ಲ. ಸುಶ್ರುತ ಸಂಹಿತೆ ಕರವೀರವನ್ನು, ಅಂದರೆ ಕಣಗಿಲೆಯನ್ನು, ಬೇರಿನ ವಿಷಗಳ ಪಟ್ಟಿಯಲ್ಲಿ ಇಡುತ್ತದೆ. ಇವತ್ತಿನ ಕಾನೂನಿನಲ್ಲೂ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ ಇ(1) ಅನುಸೂಚಿಯಲ್ಲಿ ವಿಷದ್ರವ್ಯಗಳ ಸಾಲಿನಲ್ಲಿ ಕರವೀರವೂ ಎಕ್ಕವೂ ಇವೆ, ಅವು ಸೇರಿದ ಆಯುರ್ವೇದ ಔಷಧಗಳ ಮೇಲೆ ವೈದ್ಯರ ನಿಗಾದಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಇರಬೇಕು. ಹಾಲಿನಲ್ಲಿ ಬೇಯಿಸಿ ಶೋಧಿಸುವ ವಿಧಾನ ಬಲ್ಲ ವೈದ್ಯರಿಗೂ, ಹಿತ್ತಲ ಎಲೆ ಕಿತ್ತು ಕುದಿಸುವವರಿಗೂ ಸಾಮ್ಯವಿಲ್ಲ. ಒಣಗಿಸುವುದರಿಂದಾಗಲಿ ಕುದಿಸುವುದರಿಂದಾಗಲಿ ಕಣಗಿಲೆಯ ವಿಷ ಹೋಗುವುದಿಲ್ಲ. 2024ರಲ್ಲಿ ಕೇರಳದಲ್ಲಿ ಯುವತಿಯೊಬ್ಬರ ಸಾವಿಗೆ ಅರಳಿ, ಅಂದರೆ ನಮ್ಮ ಕಣಗಿಲೆ, ಕಾರಣವೆಂಬ ಶಂಕೆ ಮೂಡಿದ ಮೇಲೆ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಗಳಲ್ಲಿ ಆ ಹೂವನ್ನು ನಿಲ್ಲಿಸಿತು. ದೇವರಿಗೆ ಏರಿಸಿದ ಹೂವು ಬೇರೆ, ಬಾಯಿಗೆ ಹೋಗುವ ತೀರ್ಥ ಪ್ರಸಾದ ಬೇರೆ ಎಂಬ ವಿವೇಕ ನಮ್ಮ ದೇವಸ್ಥಾನಗಳಿಗೂ ಒಳ್ಳೆಯದು.

ಕಾಡುಬಸಳೆಯ ಮಾತು ಸ್ವಲ್ಪ ನಾಜೂಕು. ಕಿಡ್ನಿ ಕಲ್ಲಿಗೆಂದು ಅದರ ಎಲೆ ತಿನ್ನುವುದು ನಮ್ಮಲ್ಲಿ ವ್ಯಾಪಕ. ಅದರಲ್ಲೂ ಈ ಬಳಗದ ಬ್ಯುಫಾಡಿಯೆನೊಲೈಡ್‌ಗಳಿವೆ. ಅದರ ಹತ್ತಿರದ ಸಂಬಂಧಿ ಗಿಡಗಳು ಆಸ್ಟ್ರೇಲಿಯಾದಲ್ಲಿ ದನಗಳನ್ನು ಕೊಂದಿವೆ. ಒಂದೆರಡು ಎಲೆ ತಿಂದವರು ಗಾಬರಿಯಾಗಬೇಕಿಲ್ಲ. ಆದರೆ ಡಿಗಾಕ್ಸಿನ್ ತೆಗೆದುಕೊಳ್ಳುವವರು, ಕಿಡ್ನಿ ಕುಂದಿದವರು ರಸ ಮಾಡಿ ದಿನಾ ಕುಡಿಯುವುದು ನನ್ನ ಲೆಕ್ಕದಲ್ಲಿ ಬೇಡದ ಸಾಹಸ.

ಕಣಗಿಲೆ ಗಿಡದಲ್ಲಿ ಎಲೆ ಮುಕ್ಕುತ್ತಿರುವ ಕಾಮನ್ ಕ್ರೋ ಚಿಟ್ಟೆಯ ಹುಳವನ್ನೋ, ಎಕ್ಕದ ಮೇಲೆ ಪಟ್ಟೆಪಟ್ಟೆಯ ಪ್ಲೇನ್ ಟೈಗರ್ ಹುಳವನ್ನೋ ನೋಡಿದವರು ಕೇಳಬಹುದು, ಇವಕ್ಕೇಕೆ ಏನೂ ಆಗುವುದಿಲ್ಲ ಎಂದು. ಪ್ಲೇನ್ ಟೈಗರ್ ಮತ್ತು ಅದರ ಅಮೆರಿಕದ ನೆಂಟ ಮೊನಾರ್ಕ್ ಚಿಟ್ಟೆಗಳ ಪಂಪಿನಲ್ಲಿ ಗ್ಲೈಕೋಸೈಡ್ ಅಂಟುವ ಜಾಗದ ಕೆಲವು ಅಮೈನೋ ಆಮ್ಲಗಳು ಬದಲಾಗಿವೆ. ವಿಷ ಅವುಗಳ ಮೈಯಲ್ಲೇ ಉಳಿದು ಹಕ್ಕಿಗಳಿಗೆ ವಾಂತಿ ಬರಿಸುತ್ತದೆ. 2019ರಲ್ಲಿ ವಿಜ್ಞಾನಿಗಳು ಅಂಥ ಮೂರು ಬದಲಾವಣೆಗಳನ್ನು ಹಣ್ಣಿನ ನೊಣದ ಪಂಪಿನಲ್ಲಿ ಮಾಡಿದಾಗ ನೊಣವೂ ವಿಷ ತಾಳಿಕೊಂಡಿತು. ಹುಳ ತಿಂದು ಬದುಕಿದೆ ಎನ್ನುವುದು ನಮಗೆ ಭರವಸೆಯಲ್ಲ, ನಮ್ಮ ಪಂಪು ಹಳೆಯ ಮಾದರಿಯದೇ.

ಮಗು ಆಟವಾಡುತ್ತಾ ಕಣಗಿಲೆಯ ಯಾವ ಭಾಗವನ್ನು ಕಚ್ಚಿದರೂ, ದೊಡ್ಡವರು ಕಷಾಯ ಕುಡಿದು ವಾಂತಿ ಶುರುವಾದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ಇಸಿಜಿ ನಿಗಾ ಇರುವ ಆಸ್ಪತ್ರೆಗೆ ನೇರ ಹೋಗುವುದು, ಹೋಗುವಾಗ ಗಿಡದ ಒಂದು ರೆಂಬೆಯನ್ನೋ ಫೋನಿನಲ್ಲಿ ಅದರ ಫೋಟೋವನ್ನೋ ಒಯ್ಯುವುದು. ವೈದ್ಯರು ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವನ್ನು ಹಗಲು ರಾತ್ರಿ ಯಾವಾಗ ಬೇಕಾದರೂ ಕೇಳಬಹುದು. ರಕ್ತದಲ್ಲಿ ಡಿಗಾಕ್ಸಿನ್ ಮಟ್ಟ ನೋಡುವ ಪರೀಕ್ಷೆ ಕಣಗಿಲೆಯ ಅಣುಗಳನ್ನೂ ಅರೆಬರೆಯಾಗಿ ಗುರುತಿಸುತ್ತದೆ. ಡಿಗಾಕ್ಸಿನ್ ಮಾತ್ರೆಯನ್ನೇ ಮುಟ್ಟದವರ ವರದಿಯಲ್ಲಿ ಅಂಕಿ ಕಂಡರೆ ಈ ಜಾತಿಯ ಗಿಡ ಹೊಟ್ಟೆ ಸೇರಿದೆ ಎಂಬ ಸುಳಿವು ಸಿಗುತ್ತದೆ, ಆದರೆ ಆ ಅಂಕಿ ಚಿಕ್ಕದಿದೆ ಎಂದು ಅಪಾಯ ಚಿಕ್ಕದು ಎನ್ನುವಂತಿಲ್ಲ. ಬಂದಾಗ ತೆಗೆದ ಇಸಿಜಿ ಸರಿಯಿದೆ ಎಂದು ಮನೆಗೆ ಕಳಿಸುವಂತೆ ಒತ್ತಾಯಿಸುವುದೂ ತಪ್ಪು. ವಾರ್ಡಿನಲ್ಲಿ ಆರಾಮಾಗಿ ಕೂತು ಮಾತಾಡುತ್ತಿದ್ದವರ ಬಡಿತ ಗಂಟೆಗಳ, ಕೆಲವೊಮ್ಮೆ ದಿನಗಳ ಬಳಿಕ ಕೆಟ್ಟದ್ದನ್ನು ಶ್ರೀಲಂಕಾದ ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಕನಿಷ್ಠ ಒಂದು ದಿನವಾದರೂ ಮಾನಿಟರ್ ತಂತಿಗಳನ್ನು ಎದೆಯ ಮೇಲಿಂದ ತೆಗೆಯುವುದಿಲ್ಲ.